ಉತ್ತರಕುಮಾರನ ಪರವಾಗಿ ಎರಡು ಮಾತು

ವರ್ಷಂಪ್ರತಿ ಈ ಸಂಚಿಕೆಗೆ ವ್ಯಾಕರಣದ ವಿಷಯವಾಗಿಯೋ ವಚನ ವಾಙ್ಮಯದ ವಿಷಯವಾಗಿಯೋ ನಾಲ್ಕು ಪುಟ ಬರೆದು ಒಪ್ಪಿಸುತ್ತ ಬಂದಿರುವ ನಾನು ಈ ಬಾರಿ ಕಬಡ್ಡಿಯ ವಿಷಯವಾಗಿ ಲೇಖನಿ ಹಿಡಿದಿರುವುದನ್ನು ಕಂಡು ವಾಚಕ ಮಹಾಶಯರು ಅಚ್ಚರಿಪಡಬಹುದು. ಪಂಡಿತನಿಗೇಕೆ ಪಟುಗಳ ಗೊಡವೆ ಎಂದು ಸಹೋದ್ಯೋಗಿ ಮಿತ್ರರೊಬ್ಬರು ಆಗಲೇ ಕೇಳಿರುವರು. ಇದಕ್ಕೆ ಕಾರಣ ನನ್ನದೇ ಆದ ಒಂದು ಬಾಯಿತಪ್ಪು. ಅದನ್ನು ಮುಂದೆ ನಿವೇದಿಸಿಕೊಳ್ಳುವೆನು. ಅದಕ್ಕೆ ಮೊದಲು, ನಮ್ಮ ಸೋಮನಹಳ್ಳಿಯ ಅರಳಿಕಟ್ಟೆಯಲ್ಲಿ ಎರಡು ತಿಂಗಳ ಕಾಲ ನಡೆದ ಒಂದು ವಾದವನ್ನು ಹೇಳಬೇಕಾಗಿದೆ.

2024ನೆಯ ಇಸವಿಯ ಅಕ್ಟೋಬರ್ ತಿಂಗಳಿನಿಂದ ಡಿಸೆಂಬರ್ ಕೊನೆಯವರೆಗೆ ಪ್ರೊ ಕಬಡ್ಡಿಯ ಹನ್ನೊಂದನೆಯ ಆವೃತ್ತಿ ನಡೆಯಿತಷ್ಟೆ. ಹೈದರಾಬಾದು, ನೋಯ್ಡಾ, ಪುಣೆ ಈ ಮೂರೇ ನಗರಗಳಲ್ಲಿ ಪಂದ್ಯಗಳು ನಡೆದುದರಿಂದ, ಹಿಂದಿನ ವರ್ಷ ಬಸ್ಸು ಹಿಡಿದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿ ಬಂದಿದ್ದ ನಮ್ಮೂರಿನ ಯುವಕರು ಈ ಸಲ ದೂರದರ್ಶನದ ಮುಂದೆ ಕುಳಿತೇ ತೃಪ್ತಿಪಡಬೇಕಾಯಿತು. ತೃಪ್ತಿ ಎಂಬ ಮಾತು ಇಲ್ಲಿ ಸಲ್ಲದು. ಬೆಂಗಳೂರು ಬುಲ್ಸ್ ತಂಡ ಆಡಿದ ಇಪ್ಪತ್ತೆರಡು ಪಂದ್ಯಗಳಲ್ಲಿ ಗೆದ್ದುದು ಎರಡೇ ಎರಡು. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಅದು ಹನ್ನೆರಡನೆಯದಾಗಿ ನಿಂತಿತು. ಕಬ್ಬಿನ ಗದ್ದೆಗೆ ನೀರು ಕಟ್ಟಿ ಬಂದವರು, ಡೇರಿಗೆ ಹಾಲು ಹಾಕಿ ಬಂದವರು, ಮದ್ದೂರಿನಿಂದ ಕೊನೆಯ ಬಸ್ಸಿಗೆ ಇಳಿದವರು, ಎಲ್ಲರೂ ರಾತ್ರಿ ಆಟ ಮುಗಿದ ಮೇಲೆ ಕಟ್ಟೆಯ ಮೇಲೆ ಸೇರಿ ಆ ಸೋಲಿನ ಶವಪರೀಕ್ಷೆ ಮಾಡುತ್ತಿದ್ದರು. ನನ್ನ ಮನೆ ಕಟ್ಟೆಗೆ ಹತ್ತಿರವಾದುದರಿಂದ, ಬೇಡವೆಂದರೂ ಆ ಶಾಸ್ತ್ರಾರ್ಥ ನನ್ನ ಕಿವಿಗೆ ಬೀಳುತ್ತಿತ್ತು.

ಪಕ್ಷಗಳು ಮೂರು. ನಾಯಕನಾದ ಪರ್ದೀಪ್ ನರ್ವಾಲನಿಗೆ ಮೊದಲಿನ ಕಸುವಿಲ್ಲ, ಅವನನ್ನು ಹೊರಗೆ ಕೂರಿಸಬೇಕು ಎಂಬುದು ಒಂದು. ಅವನ ಜೊತೆಗೆ ಇಳಿಸಿರುವ ಎಳೆಯ ರೈಡರುಗಳಿಗೆ ಎದೆಗಾರಿಕೆಯಿಲ್ಲ, ಹೋದ ಹಾಗೆ ಬರಿಗೈಲಿ ಬರುತ್ತಾರೆ ಎಂಬುದು ಇನ್ನೊಂದು. ಈ ಎರಡು ಪಕ್ಷದವರ ಗದ್ದಲವೇ ದೊಡ್ಡದು. ಮೂರನೆಯ ಪಕ್ಷಕ್ಕೆ ಇದ್ದವನು ಒಬ್ಬನೇ. ಅವನು ನಮ್ಮ ಶಾಲೆಯಲ್ಲಿ ಓದಿ, ಹತ್ತನೆಯ ತರಗತಿಯಲ್ಲಿ ಕನ್ನಡವೊಂದನ್ನುಳಿದು ಮಿಕ್ಕೆಲ್ಲದರಲ್ಲಿ ಅನುತ್ತೀರ್ಣನಾಗಿ, ಈಗ ಟ್ರ್ಯಾಕ್ಟರ್ ನಡೆಸುವವನು. “ಹಿಡಿಯೋರೇ ಇಲ್ಲ ಕಣಣ್ಣ, ಒಳಕ್ ಹೋದೋನು ಏನ್ ಮಾಡಾನು?” ಎಂದು ಅವನು ಪ್ರತಿ ರಾತ್ರಿಯೂ ಒಂದೇ ಮಾತನ್ನು ಹೇಳುತ್ತಿದ್ದ. ಯಾರೂ ಅವನ ಮಾತಿಗೆ ಕಿವಿಗೊಡುತ್ತಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಈ ಲೇಖನ ಆ ಒಂಟಿ ಪಕ್ಷದ ಪರವಾದುದು.

ಆಟದ ಮರ್ಮವನ್ನು ಅರಿಯದ ದಾನಿಗಳೂ ಮಾತೆಯರೂ ಈ ಸಂಚಿಕೆಯನ್ನು ಓದುವರಾದುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ಹಿರಿಯರು ಚಡುಗುಡು ಎನ್ನುತ್ತಿದ್ದ ಈ ಆಟದಲ್ಲಿ ಅಂಕಣದೊಳಗೆ ಪಕ್ಷಕ್ಕೆ ಏಳು ಜನ. ಒಬ್ಬನು ಕಬಡ್ಡಿ ಕಬಡ್ಡಿ ಎಂದು ಉಸಿರು ಕಟ್ಟಿ ಎದುರಾಳಿಯ ಪಾಳೆಯವನ್ನು ಹೊಗುತ್ತಾನೆ. ಮೂವತ್ತು ಕ್ಷಣಗಳೊಳಗೆ ಮುಟ್ಟಿ ಮರಳಿದರೆ ಮುಟ್ಟಿಸಿಕೊಂಡವರು ಹೊರಕ್ಕೆ. ಹಿಡಿಸಿಕೊಂಡರೆ ಅವನೇ ಹೊರಕ್ಕೆ. ಹೀಗೆ ಹೊರಬಿದ್ದವನು ತಾನಾಗಿಯೇ ಒಳಕ್ಕೆ ಬರಲಾರನು. ತನ್ನ ಕಡೆಯವರು ಎದುರಾಳಿಯೊಬ್ಬನನ್ನು ಹೊರಹಾಕಿದಾಗ ಮಾತ್ರ, ಹೊರಬಿದ್ದ ಸರದಿಯಂತೆ, ಒಬ್ಬೊಬ್ಬನು ಜೀವ ಪಡೆಯುತ್ತಾನೆ. ವ್ಯವಹಾರದಲ್ಲಿ ಇದನ್ನು ‘ಜೀವ ಬರುವುದು’ ಎಂದೇ ಕರೆಯುತ್ತಾರೆ. ಈ ಶಬ್ದಪ್ರಯೋಗವನ್ನು ಮಾಡಿದ ಹಳ್ಳಿಗನು ಯಾವ ಲಾಕ್ಷಣಿಕನಿಗೂ ಕಡಿಮೆಯವನಲ್ಲ.

ಇದರ ಪರಿಣಾಮವನ್ನು ಗಮನಿಸಬೇಕು. ರೈಡರನು ಎಂಥ ಚತುರನೇ ಆಗಲಿ, ಒಮ್ಮೆ ಸಿಕ್ಕಿಬಿದ್ದನೆಂದರೆ ಅವನ ಪುನರಾಗಮನ ಬಹುಪಾಲು ಮೂಲೆಯಲ್ಲಿ ನಿಂತು ಪಾದ ಹಿಡಿಯುವವನ ಕೈಯಲ್ಲಿದೆ; ಮೂಲೆಯವನ ಒಳಗಡೆ ನಿಂತು ಸೊಂಟಕ್ಕೂ ತೊಡೆಗೂ ಎರಗುವ ಕವರಿನವನ ಕೈಯಲ್ಲಿದೆ; ಕೈಗೆ ಕೈ ಬೆಸೆದು ಸರಪಣಿಯಾಗಿ ನಿಂತ ಇಬ್ಬರ ಹೊಂದಾಣಿಕೆಯಲ್ಲಿದೆ. ಅವರು ಹಿಡಿಯಲಿಲ್ಲವೆಂದರೆ ಇವನು ಗೆರೆಯ ಹೊರಗೆ ಕುಳಿತೇ ಇರಬೇಕು. ಹತ್ತು ನಿಮಿಷ ಕುಳಿತು ಮೈ ತಣ್ಣಗಾದ ಮೇಲೆ ಕರೆ ಬಂದರೆ, ಬರುವುದು ಎಂಥ ಘಳಿಗೆಯಲ್ಲಿ? ತನ್ನ ಕಡೆ ಇಬ್ಬರೋ ಮೂವರೋ ಉಳಿದಿರುತ್ತಾರೆ. ಹಿಂದಿನ ಎರಡು ದಾಳಿಗಳು ಬರಿದಾಗಿರುತ್ತವೆ. ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ಅವನೇ ಹೊರಕ್ಕೆ ಎಂಬುದು ಈ ಲೀಗಿನ ನಿಯಮ. ಎದುರಿಗೆ ಏಳು ಜನ ಬಾಯ್ತೆರೆದು ನಿಂತಿರುತ್ತಾರೆ. ಹೊಸಬನನ್ನು ಅಂಥ ಕಡೆಗೆ ನೂಕಿ, ಅವನು ಸಿಕ್ಕಿಬಿದ್ದ ಮೇಲೆ ‘ಎದೆಗಾರಿಕೆಯಿಲ್ಲ’ ಎಂದು ತೀರ್ಪು ಕೊಡುವವರು ನಾವು.

ಈ ತಂಡದ ಚರಿತ್ರೆಯೇ ನನ್ನ ಮಾತಿಗೆ ಸಾಕ್ಷಿಯಾಗಿದೆ. ಪ್ರೊ ಕಬಡ್ಡಿ ಪ್ರಾರಂಭವಾದುದು 2014ರಲ್ಲಿ. ಮರುವರ್ಷ ಎರಡನೆಯ ಆವೃತ್ತಿಯಲ್ಲಿ ಬುಲ್ಸ್ ತಂಡ ಅಂತಿಮ ಪಂದ್ಯದವರೆಗೆ ಹೋಗಿ ಯು ಮುಂಬಾ ತಂಡಕ್ಕೆ ಸೋತಿತು. ಆ ವರ್ಷ ಅದರಲ್ಲಿ ಹರಿಯಾಣದ ಒಬ್ಬ ಹದಿಹರೆಯದ ಹುಡುಗನಿದ್ದ. ಕೆಲವೇ ಪಂದ್ಯಗಳಲ್ಲಿ ಇಳಿದ, ಹೆಚ್ಚೇನೂ ಗಳಿಸಲಿಲ್ಲ. ಬುಲ್ಸ್ ಅವನನ್ನು ಬಿಟ್ಟುಕೊಟ್ಟಿತು, ಪಾಟ್ನಾ ಪೈರೇಟ್ಸ್ ಎತ್ತಿಕೊಂಡಿತು. ಪಾಟ್ನಾ ಅದಾದ ಮೇಲೆ ಸಾಲಾಗಿ ಮೂರು ಬಾರಿ ಪ್ರಶಸ್ತಿ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ಆ ಹುಡುಗ 369 ದಾಳಿ ಅಂಕಗಳನ್ನು ಗಳಿಸಿದ. ಅವನೇ ಪರ್ದೀಪ್ ನರ್ವಾಲ್. ಅದೇ ಪರ್ದೀಪನನ್ನು 2024ರಲ್ಲಿ ಎಪ್ಪತ್ತು ಲಕ್ಷ ರೂಪಾಯಿಗೆ ಬುಲ್ಸ್ ಮರಳಿ ಕೊಂಡಿತು. ತಂಡ ಕಟ್ಟಕಡೆಗೆ ನಿಂತಿತು. ಮುಂದಿನ ವರ್ಷ ಅವನನ್ನು ಯಾರೂ ಕೊಳ್ಳಲಿಲ್ಲ, ಅವನು ಆಟದಿಂದಲೇ ನಿವೃತ್ತನಾದ. ಎಳೆಯನಾಗಿದ್ದಾಗ ಕಾದು ನೋಡಲಿಲ್ಲ. ಬಳಲಿದ ಮೇಲೆ ಹಣ ಕೊಟ್ಟು ತಂದು, ಒಬ್ಬನ ಹೆಗಲ ಮೇಲೆ ಏಳು ಜನರ ಭಾರ ಹೊರಿಸಿದರು. ಎರಡೂ ತಪ್ಪುಗಳ ಮೂಲ ಒಂದೇ. ತಂಡವೆಂದರೆ ಒಬ್ಬ ರೈಡರನೆಂಬ ಭ್ರಾಂತಿ ಅದು.

ಇದಕ್ಕೆ ಪ್ರತಿಯಾದ ನಿದರ್ಶನವೂ ಅದೇ ತಂಡದಲ್ಲಿದೆ. ಪವನ್ ಸೆಹ್ರಾವತ್ ಮೊದಲು ಆಡಿದುದು ಬುಲ್ಸ್ ತಂಡಕ್ಕೇ, 2016ರಲ್ಲಿ. ಬಳಿಕ ಗುಜರಾತ್ ತಂಡಕ್ಕೆ ಹೋಗಿ ಅಲ್ಲಿ ಹೆಚ್ಚಿನ ಕಾಲ ಹೊರಗೆ ಕುಳಿತ. 2018ರಲ್ಲಿ ಮರಳಿ ಬಂದಾಗ ಇವನಿಂದೇನಾದೀತು ಎಂದವರೇ ಬಹಳ. ಆ ಆವೃತ್ತಿಯಲ್ಲಿ ಅವನು ಗಳಿಸಿದ್ದು 271 ದಾಳಿ ಅಂಕಗಳು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೇ ಗುಜರಾತ್ ತಂಡವನ್ನು ಬುಲ್ಸ್ 38–33ರಿಂದ ಸೋಲಿಸಿತು. ಪವನನೊಬ್ಬನದೇ 22 ಅಂಕ. ಕಟ್ಟೆಯವರ ನೆನಪಿನಲ್ಲಿ ಉಳಿದಿರುವುದು ಈ ಇಪ್ಪತ್ತೆರಡು ಮಾತ್ರ. ಅವನ ಜೊತೆಯಲ್ಲಿ ದಾಳಿಯ ಭಾರ ಹಂಚಿಕೊಂಡ ನಾಯಕ ರೋಹಿತ್ ಕುಮಾರನಿದ್ದ, ಕವರಿನಲ್ಲಿ ಮಹೇಂದರ್ ಸಿಂಗನಿದ್ದ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಹೊರಗೆ ಬಿದ್ದ ಪವನನಿಗೆ ಮತ್ತೆ ಮತ್ತೆ ಜೀವ ತಂದವರ ಹೆಸರನ್ನು ಕೇಳಿದರೆ ಕಟ್ಟೆ ಮೌನ.

ನಮ್ಮೂರಿನವರು ಮತ್ತೊಂದು ದೂರನ್ನೂ ಹೇಳುವುದುಂಟು. ಹೆಸರು ಬೆಂಗಳೂರಿನದು, ಆಡುವವರು ಹರಿಯಾಣದವರು. ನಮ್ಮ ನಾಡಿನ ಸುಕೇಶ್ ಹೆಗ್ಡೆ ಗುಜರಾತಿಗೂ ಪ್ರಶಾಂತ್ ಕುಮಾರ್ ರೈ ಪಾಟ್ನಾಕ್ಕೂ ನಾಯಕರಾಗಿ ತಮ್ಮ ತಂಡಗಳನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ಯಬೇಕಾಯಿತೆಂದು. ದೂರು ನ್ಯಾಯವಾದುದೇ. ಆದರೆ ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಕಾಲದಲ್ಲಿ ಅದಕ್ಕೆ ಪರಿಹಾರ ನಮ್ಮ ಶಾಲೆಗಳ ಮಣ್ಣಿನ ಅಂಕಣಗಳಲ್ಲಿ ಮಾತ್ರ ಇದೆ. ಅಭಿಮಾನಿಗಳ ಘೋಷವಾಕ್ಯವಾದ ‘ಫುಲ್ ಚಾರ್ಜ್ ಮಾಡಿ’ ಎಂಬುದರಲ್ಲಿ ಕನ್ನಡಕ್ಕೆ ಕ್ರಿಯಾಪದವೊಂದೇ ದಕ್ಕಿರುವುದನ್ನು ಕಂಡು ನಾನು ಮೊದಲು ಖೇದಗೊಂಡಿದ್ದೆ. ಮಾಡುವ ಕೆಲಸವಾದರೂ ಕನ್ನಡಕ್ಕೆ ಉಳಿಯಿತಲ್ಲ ಎಂದು ಈಗ ಸಮಾಧಾನ ಮಾಡಿಕೊಂಡಿದ್ದೇನೆ.

ಇನ್ನು ನನ್ನ ಬಾಯಿತಪ್ಪಿನ ವಿಚಾರ.

ನಮ್ಮ ಶಾಲೆಯ ತಂಡ ಹೋಬಳಿ ಮಟ್ಟದ ಪಂದ್ಯಕ್ಕೆ ಹೋಗಿತ್ತು. ನಾನೂ ಹೋಗಿದ್ದೆ. ತಂಡದ ರೈಡರನು ಒಂಬತ್ತನೆಯ ತರಗತಿಯ ಒಬ್ಬ ಬಾಲಕ. ಕಡ್ಡಿಯಂಥ ಮೈ, ಮೀನಿನಂಥ ನುಣುಪು. ಹಿಂದಿನ ವರ್ಷ ಆಡುತ್ತಿದ್ದ ದೊಡ್ಡ ಹುಡುಗರು ಉತ್ತೀರ್ಣರಾಗಿ ಹೋಗಿದ್ದರು; ಎರಡು ಮೂಲೆಗಳಲ್ಲಿ ನಿಂತವರಿಬ್ಬರೂ ಒಂದು ತಿಂಗಳ ಹಿಂದೆ ಆಟಕ್ಕೆ ಬಂದವರು. ಪಂದ್ಯದ ಹಿಂದಿನ ಸಂಜೆ ಈ ಬಾಲಕ ತರಗತಿಯಲ್ಲಿ, ‘ಗೆದ್ದೇ ಬರ್ತೀವಿ ಸಾರ್’ ಎಂದು ಎಲ್ಲರ ಮುಂದೆ ಹೇಳಿದ್ದ. ಮೊದಲ ಎರಡು ದಾಳಿಗಳಲ್ಲಿ ಅಂಕ ತಂದ, ಮೂರನೆಯದರಲ್ಲಿ ಸಿಕ್ಕಿಬಿದ್ದ. ಆ ಮೇಲೆ ಅವನು ಗೆರೆಯ ಹೊರಗೆ ಕುಳಿತೇ ಇದ್ದ. ನಮ್ಮವರು ಒಬ್ಬನನ್ನೂ ಹಿಡಿಯಲಾರದೆ ಹೋದರು. ಕಡೆಗೆ ತಂಡ ಪೂರ್ತಿ ಹೊರಬಿದ್ದು ಎಲ್ಲರೂ ಹೊಸದಾಗಿ ಇಳಿದಾಗ ಅವನಿಗೂ ಸರದಿ ಬಂತು. ಆ ಹೊತ್ತಿಗೆ ಸುತ್ತ ನಿಂತಿದ್ದ ಜನ, ಅವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದರು, ಅವನ ಹೆಸರು ಹಿಡಿದು ಕೂಗತೊಡಗಿದ್ದರು. ಕೂಗಿದ ಮಾತುಗಳನ್ನು ಶ್ರೀಮಠದ ಸಂಚಿಕೆಯಲ್ಲಿ ಬರೆಯಲಾಗದು. ಬಾಲಕ ನಡುಗೆರೆ ದಾಟಿ ಎರಡು ಹೆಜ್ಜೆ ಹೋದವನು, ಯಾರೂ ಹಿಡಿಯದಿದ್ದರೂ ಹಿಂದಿರುಗಿ ಓಡಿಬಂದ. ಮತ್ತೊಮ್ಮೆಯೂ ಹಾಗೆಯೇ ಮಾಡಿದ. ಸೋತೆವು.

ಮರುದಿನ ಒಂಬತ್ತನೆಯ ತರಗತಿಗೆ ಕಾಲಿಟ್ಟಾಗ ಅವನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ವಿನೋದಕ್ಕೆಂದು, “ಬನ್ನಿ ಉತ್ತರಕುಮಾರರೇ” ಎಂದೆ. ತರಗತಿ ಘೊಳ್ಳೆಂದು ನಕ್ಕಿತು. ನನಗೆ ಆ ನಗೆ ಅಂದು ಸವಿಯಾಗಿಯೇ ಕೇಳಿಸಿತು. ವಾರದೊಳಗೆ ಅದು ಅವನ ಹೆಸರಾಯಿತು. ಹಾಜರಿ ಕರೆದಾಗ ಇನ್ನೊಬ್ಬರು ಅದೇ ಹೆಸರನ್ನು ಪಿಸುಗುಟ್ಟುತ್ತಿದ್ದರು. ಅವನು ಮೊದಲು ಆಟಕ್ಕೆ ಬರುವುದನ್ನು ಬಿಟ್ಟ, ಬಳಿಕ ಕನ್ನಡದ ಅವಧಿಗೆ ಬರುವುದನ್ನು ಬಿಟ್ಟ. ಅವನು ಆಟ ಬಿಟ್ಟುದಕ್ಕೆ ಸೋಲೇ ಕಾರಣವೆಂದು ನಂಬಿದ್ದ ನನಗೆ, ನಮ್ಮ ದೈಹಿಕ ಶಿಕ್ಷಕರು ಒಂದು ದಿನ ಶಿಕ್ಷಕರ ಕೊಠಡಿಯಲ್ಲಿ, ಯಾರೂ ಇಲ್ಲದಾಗ, “ಪಂಡಿತರೇ, ತಾವು ಇಟ್ಟ ಹೆಸರು ಆ ಹುಡುಗನನ್ನು ಬಿಡಲೊಲ್ಲದು” ಎಂದರು. ಮೂವತ್ತು ವರ್ಷ ಭಾರತವನ್ನು ಪಾಠ ಹೇಳಿದ ನನಗೆ ಆ ಒಂದು ವಾಕ್ಯಕ್ಕೆ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ವಿರಾಟಪರ್ವವನ್ನು ಮತ್ತೆ ತೆರೆದೆ. ಉತ್ತರನೆಂದರೆ ನಮ್ಮ ನಾಡಿನ ನಾಲಗೆಯಲ್ಲಿ ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಶತ್ರುಸೈನ್ಯವನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು. ಆ ನಗೆಯಲ್ಲಿ ಮುಳುಗಿ, ಮುಂದೆ ನಡೆದುದನ್ನು ನಾವು ಮರೆತುಬಿಟ್ಟಿದ್ದೇವೆ. ಬೃಹನ್ನಳೆಯ ವೇಷದ ಅರ್ಜುನನು ಓಡುವವನನ್ನು ಹಿಡಿದು ತಂದನಷ್ಟೆ. ತಂದು, ಹೇಡಿಯೆಂದು ಊರಿಗೆ ಅಟ್ಟಲಿಲ್ಲ. ‘ನೀನು ಬಿಲ್ಲು ಹಿಡಿಯಬೇಡ, ಕುದುರೆಗಳ ಲಗಾಮು ಹಿಡಿ, ಯುದ್ಧವನ್ನು ನಾನು ಮಾಡುವೆ’ ಎಂಬರ್ಥದ ಮಾತನ್ನಾಡಿ ಧೈರ್ಯ ತುಂಬಿದ. ಶಮೀವೃಕ್ಷವನ್ನು ಅದೇ ಹುಡುಗನಿಂದ ಹತ್ತಿಸಿ ಆಯುಧಗಳನ್ನು ಇಳಿಸಿದ. ಭೀಷ್ಮ, ದ್ರೋಣ, ಕರ್ಣರಿದ್ದ ಸೇನೆಯ ಮಧ್ಯದಲ್ಲಿ ರಥ ನಡೆಸಿದವನು ಕ್ಷಣಮೊದಲು ಓಡಿದ್ದ ಅದೇ ಉತ್ತರ. ಇನ್ನೊಂದು ಸಂಗತಿ. ಮಹಾಭಾರತದಲ್ಲಿ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನಿಗೆ ಎದುರಾಗಿ ಕಾದಾಡಿ ಮಡಿದವನು ಅವನೇ. ಹಿಮ್ಮೆಟ್ಟಿ ಸಾಯಲಿಲ್ಲ. ಇಷ್ಟೆಲ್ಲವನ್ನೂ ಬಲ್ಲ ನಾನು, ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿದ್ದ ಬಾಲಕನ ಮೇಲೆ ಅರ್ಧ ಕಥೆಯನ್ನು ಎಸೆದು ನಕ್ಕಿದ್ದೆ.

ಅಭಿಮನ್ಯುವಿನ ಪ್ರಸಂಗವನ್ನೂ ನಾವು ಹೀಗೆಯೇ ಓದುತ್ತೇವೆ. ಹೊಗಲು ಬಲ್ಲ, ಹೊರಬರಲು ಅರಿಯ ಎಂದು ಅವನ ವಿದ್ಯೆಯ ಕೊರತೆಯನ್ನೇ ಹೇಳುತ್ತೇವೆ. ಹಿಂದೆಯೇ ಬರುವೆವೆಂದು ಮಾತು ಕೊಟ್ಟ ದೊಡ್ಡಪ್ಪಂದಿರೂ ಚಿಕ್ಕಪ್ಪಂದಿರೂ ಸೈಂಧವನೊಬ್ಬನ ತಡೆಯನ್ನು ಮುರಿಯಲಾರದೆ ವ್ಯೂಹದ ಬಾಗಿಲಲ್ಲೇ ನಿಂತರಲ್ಲ, ಆ ಬಾಗಿಲಿನ ಬಳಿ ಏನು ನಡೆಯಿತೆಂದು ಪರೀಕ್ಷೆಯ ಪತ್ರಿಕೆಯಲ್ಲಿ ನಾನು ಒಮ್ಮೆಯೂ ಪ್ರಶ್ನೆ ಕೇಳಿಲ್ಲ.

ಇದಕ್ಕೆ ವಿರೋಧವಾಗಿ ಒಂದು ಮಾತನ್ನು ಹೇಳಬಹುದು. ಹಾಗಾದರೆ ವ್ಯಕ್ತಿಯ ಹೊಣೆಯೇ ಇಲ್ಲವೆ, ಸೋತವರೆಲ್ಲ ಹಿಂದೆ ನಿಂತವರನ್ನು ತೋರಿಸಿ ತಪ್ಪಿಸಿಕೊಳ್ಳಬಹುದೆ, ಎಂದು. ನಮ್ಮೂರಿನ ಸುಪುತ್ರರಾದ ದಿವಂಗತ ಎಸ್.ಎಂ. ಕೃಷ್ಣ ಅವರಿಗೆ ಟೆನಿಸ್ ಆಟದಲ್ಲಿ ಅತ್ಯಂತ ಪ್ರೀತಿಯಿದ್ದುದು ಎಲ್ಲರೂ ಬಲ್ಲ ಸಂಗತಿ. ಬೆಂಗಳೂರಿನ ಕಬ್ಬನ್ ಉದ್ಯಾನದ ಟೆನಿಸ್ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ. ಒಬ್ಬರಿಗೊಬ್ಬರು ಎದುರಾಗಿ ಆಡುವಾಗ ಆ ಆಟದಲ್ಲಿ ಗೆಲುವೂ ಒಬ್ಬನದು, ಸೋಲೂ ಒಬ್ಬನದು. ಅಲ್ಲಿ ಈ ವಾದ ಸಲ್ಲುತ್ತದೆ. ಕಬಡ್ಡಿಯಲ್ಲಿ ಸಲ್ಲದು. ಎರಡು ಹೆಜ್ಜೆಗೇ ಹಿಂದಿರುಗಿದ್ದು ಆ ಬಾಲಕನ ತಪ್ಪೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವನನ್ನು ಆ ಎರಡು ಹೆಜ್ಜೆಗೆ ತಂದು ನಿಲ್ಲಿಸಿದವರು ಆರು ಜನ ಆಟಗಾರರು, ಒಂದು ತಿಂಗಳ ಅಭ್ಯಾಸವೇ ಸಾಕೆಂದ ನಾವು, ಮತ್ತು ಗೆರೆಯ ಸುತ್ತ ನಿಂತು ಕೂಗಿದವರು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ ಎಂಬುದಷ್ಟೇ ನನ್ನ ಅರಿಕೆ.

ಬುಲ್ಸ್ ತಂಡದ ಕಥೆ 2024ಕ್ಕೆ ಮುಗಿಯಲಿಲ್ಲ. ಮೊದಲ ಆವೃತ್ತಿಯಿಂದ ತರಬೇತುದಾರರಾಗಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಸ್ಥಾನಕ್ಕೆ 2025ರಲ್ಲಿ ನಮ್ಮ ನಾಡಿನವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತರಾದ ಬಿ.ಸಿ. ರಮೇಶ್ ಬಂದರು. ಬೆಂಗಾಲ್ ವಾರಿಯರ್ಸ್ ತಂಡವನ್ನು 2019ರಲ್ಲಿಯೂ ಪುಣೇರಿ ಪಲ್ಟನ್ ತಂಡವನ್ನು 2024ರ ಮಾರ್ಚಿಯಲ್ಲಿಯೂ ಪ್ರಶಸ್ತಿಯವರೆಗೆ ನಡೆಸಿದವರು ಅವರು. ದೊಡ್ಡ ಹೆಸರಿನ ರೈಡರನೊಬ್ಬನನ್ನು ನೆಚ್ಚಿಕೊಳ್ಳದೆ ಹೊಸಬರನ್ನು ಕಟ್ಟಿಕೊಂಡರು. ಮೊದಲ ಮೂರು ಪಂದ್ಯಗಳನ್ನೂ ತಂಡ ಸೋತಾಗ ಕಟ್ಟೆಯ ಮೇಲೆ ಹಳೆಯ ಗದ್ದಲವೇ ಎದ್ದಿತು. ಅನಂತರ ಯೋಗೇಶ್, ದೀಪಕ್ ಶಂಕರ್ ಮೊದಲಾದವರ ಹಿಡಿತ ಕುದುರಿತು. ಹಿಡಿತ ಕುದುರಿದ ಮೇಲೆ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಎಂಬವನ ದಾಳಿಗಳಿಗೂ ಬೆಲೆ ಬಂತು. ಹಿಂದಿನ ವರ್ಷ ಕಡೆಯದಾಗಿದ್ದ ತಂಡ ಆ ವರ್ಷ ಪ್ಲೇಆಫ್ ಘಟ್ಟವನ್ನು ತಲುಪಿತು. ಪ್ರಶಸ್ತಿ ಬರಲಿಲ್ಲ, ನಿಜ. ಟ್ರ್ಯಾಕ್ಟರಿನ ಹುಡುಗ ಮಾತ್ರ ಎರಡು ದಿನ ಕಟ್ಟೆಯ ಮೇಲೆ ಎದೆಯುಬ್ಬಿಸಿ ಕುಳಿತಿದ್ದ. ನನ್ನನ್ನು ಕಂಡೊಡನೆ, “ನಾನ್ ಏಳಿರ್ನಿಲ್ವಾ ಮೇಷ್ಟ್ರೇ?” ಎಂದ. ಅವನ ಹಕಾರಲೋಪವನ್ನು ಅಂದು ತಿದ್ದಲಿಲ್ಲ.

ದಾನಿಗಳಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ನಮ್ಮ ವಾರ್ಷಿಕೋತ್ಸವದಲ್ಲಿ ‘ಅತ್ಯುತ್ತಮ ದಾಳಿಗಾರ’ ಎಂದು ಒಂದು ಬೆಳ್ಳಿಯ ಪಾರಿತೋಷಕವನ್ನು ಮಹನೀಯರೊಬ್ಬರು ತಮ್ಮ ತಂದೆಯವರ ಸ್ಮರಣಾರ್ಥ ಇಟ್ಟಿರುವರು. ಅವರ ಔದಾರ್ಯಕ್ಕೆ ಶಾಲೆ ಋಣಿ. ಹಿಡಿಯುವವನಿಗೆ ಇಂದಿನವರೆಗೆ ಒಂದು ಲೋಟವೂ ಇಲ್ಲ. ಮೊಣಕಾಲು ಕಿತ್ತುಕೊಂಡು, ಮಣ್ಣಿನಲ್ಲಿ ಮುಖವಿಟ್ಟು, ಎದುರಾಳಿಯ ಪಾದವನ್ನು ಬಿಡದೆ ಹಿಡಿದು ಗೆಳೆಯನಿಗೆ ಜೀವ ತರುವವನದು ನಮ್ಮ ಶರಣರು ಕಾಯಕವೆಂದು ಕರೆದ ಆ ಬಗೆಯ ದುಡಿಮೆ. ಅದಕ್ಕೊಂದು ಪಾರಿತೋಷಕವನ್ನು ಯಾರಾದರೂ ಸ್ಥಾಪಿಸಬೇಕು. ಬೆಳ್ಳಿಯದೇ ಆಗಬೇಕೆಂದಿಲ್ಲ. ಅದಕ್ಕೂ ಮೊದಲು ಅಂಕಣಕ್ಕೆ ನಾಲ್ಕು ಗಾಡಿ ಜರಡಿ ಹಿಡಿದ ಕೆಮ್ಮಣ್ಣು ಬೇಕಾಗಿದೆ. ಈಗಿರುವ ನೆಲದಲ್ಲಿ ಕಲ್ಲಿನ ಚೂರುಗಳಿವೆ, ಆದುದರಿಂದಲೇ ಹುಡುಗರು ಬಿದ್ದು ಹಿಡಿಯಲು ಅಂಜುತ್ತಾರೆ ಎಂದು ದೈಹಿಕ ಶಿಕ್ಷಕರು ಹೇಳುವರು.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ತಾವು ಪಂದ್ಯಕ್ಕೆ ಬರಬೇಕು, ಕೂಗಲೂ ಬೇಕು. ಕೂಗಿಲ್ಲದ ಕಬಡ್ಡಿ ಉಪ್ಪಿಲ್ಲದ ಸಾರು. ವಾರಕ್ಕೊಂದು ಸಂಜೆ ಅಂಕಣಕ್ಕೂ ಇಳಿದು, ತಾವು ನಿಲ್ಲುತ್ತಿದ್ದ ಮೂಲೆಯಲ್ಲಿ ನಿಂತು, ಪಾದ ಹಿಡಿಯುವುದು ಹೇಗೆಂದು ಹುಡುಗರಿಗೆ ತೋರಿಸಿದರೆ ತಮ್ಮ ಕೂಗಿಗೆ ಹಕ್ಕು ಬರುತ್ತದೆ. ಅನುಭವ ಮಂಟಪದಲ್ಲಿ ವಯಸ್ಸಿನಿಂದ ಎಳೆಯನಾದ ಚೆನ್ನಬಸವಣ್ಣನಿಗೆ ಹಿರಿಯ ಶರಣರು ಎಡೆ ಮಾಡಿಕೊಟ್ಟರೆಂದು ವರ್ಷವರ್ಷವೂ ಬಸವ ಜಯಂತಿಯಂದು ಭಾಷಣ ಮಾಡುವವರು ನಾವೇ ಅಲ್ಲವೆ? ಶಿಕ್ಷಕರಾದ ನಾವು ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಯಾರ ಭಾವಚಿತ್ರವನ್ನು ಹೆಬ್ಬಾಗಿಲಿಗೆ ತೂಗುಹಾಕುತ್ತೇವೆ, ಯಾರ ಹೆಸರು ಹಿಡಿದು ನಿಟ್ಟುಸಿರಿಡುತ್ತೇವೆ ಎಂಬುದನ್ನು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ. ಸ್ಥಳವೂ ಇಲ್ಲ.

ಆ ಬಾಲಕನ ಮನೆಗೆ ನಾನೂ ದೈಹಿಕ ಶಿಕ್ಷಕರೂ ಹೋಗಿ ಬಂದೆವು. ಅವನ ತಾಯಿ ಕಾಫಿ ಕೊಟ್ಟರು. ಅವನು ಹಿತ್ತಲಿನಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದವನು ಬಹಳ ಹೊತ್ತು ಒಳಕ್ಕೆ ಬರಲಿಲ್ಲ. ಬಂದ ಮೇಲೆ ಉತ್ತರನ ಮಿಕ್ಕ ಕಥೆಯನ್ನು ಅವನಿಗೆ ಹೇಳಿದೆ. ನನ್ನ ತಪ್ಪಾಯಿತು ಎಂಬುದನ್ನೂ ಹೇಳಿದೆ. ಅವನು ಕಥೆಗೆ ಏನನ್ನೂ ಹೇಳಲಿಲ್ಲ. ಬಾಗಿಲವರೆಗೆ ಬಂದು ದೈಹಿಕ ಶಿಕ್ಷಕರನ್ನು, “ಎಡಗಡೆ ಮೂಲೇಲಿ ಯಾರನ್ನ ನಿಲ್ಲಿಸ್ತೀರಿ ಸಾರ್?” ಎಂದು ಕೇಳಿದ. ಅವರು ಇನ್ನೂ ಗೊತ್ತುಮಾಡಿಲ್ಲ. ಎಂಟನೆಯ ತರಗತಿಯಲ್ಲಿ ಉದ್ದ ಕೈಯ ಹುಡುಗನೊಬ್ಬನಿದ್ದಾನೆ. ಅವನ ತಂದೆ ಒಪ್ಪಿದರೆ ಸೋಮವಾರದಿಂದ ಅಭ್ಯಾಸಕ್ಕೆ ಬರುವನು.